ಲೇಸರ್ ಕಣ್ಣಿನ ಚಿಕಿತ್ಸೆ: ಖರ್ಚು, ಅಪಾಯ ಮತ್ತು ನಿರ್ಧಾರ
ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಕುಟುಂಬಗಳಿಗೆ ಮಾಹಿತಿ

ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಕನ್ನಡಕವಿಲ್ಲದೆ ದೂರದ್ದು ಸ್ಪಷ್ಟವಾಗಿ ಕಾಣುವಂತೆ ಇದರ ಆಕಾರವನ್ನು ಲೇಸರ್ ಕಿರಣದಿಂದ ತಿದ್ದುವುದೇ ಲೇಸರ್ ದೃಷ್ಟಿ ಚಿಕಿತ್ಸೆ. ಜನ ಸಾಮಾನ್ಯವಾಗಿ ಇದನ್ನು ಲ್ಯಾಸಿಕ್ ಎಂದು ಕರೆಯುತ್ತಾರೆ. ಇದು ತುರ್ತು ಚಿಕಿತ್ಸೆಯಲ್ಲ, ಆರೋಗ್ಯವಂತ ಕಣ್ಣಿಗೆ ನಾವೇ ಇಷ್ಟಪಟ್ಟು ಮಾಡಿಸಿಕೊಳ್ಳುವುದು. ಆದ್ದರಿಂದ ಅವಸರ ಬೇಡ. ವಿಚಾರಿಸಿ, ಲೆಕ್ಕ ಹಾಕಿ ಮುಂದುವರಿಯಲು ಸಾಕಷ್ಟು ಸಮಯವಿದೆ.

ಮನೆಯ ಹಿರಿಯರು ‘ಲೇಸರ್ ಆಪರೇಷನ್’ ಎಂದು ಹೇಳುವುದು ಹೆಚ್ಚಾಗಿ ಕಣ್ಣಿನ ಪೊರೆ ತೆಗೆಸಿದ್ದನ್ನು. ಅದು ಬೇರೆ. ಪೊರೆ ಬಂದವರಿಗೆ ಶಸ್ತ್ರಚಿಕಿತ್ಸೆ ಅಗತ್ಯ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿಯೂ ಆಗುತ್ತದೆ. ಈ ಲೇಖನ ಕನ್ನಡಕದ ನಂಬರ್ ತೆಗೆಸುವ ಚಿಕಿತ್ಸೆಯ ಕುರಿತು ಮಾತ್ರ.

ಹಿನ್ನೆಲೆ

ಮದ್ರಾಸಿನಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅವರು ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದಾಗ, 1981ರಲ್ಲಿ, ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಕೋಶದ ಪದರವನ್ನು ನಯವಾಗಿ ತೆಗೆಯಬಲ್ಲದು ಎಂದು ಇಬ್ಬರು ಸಹೋದ್ಯೋಗಿಗಳೊಡನೆ ಕಂಡುಕೊಂಡರು. ಇಂದಿನ ಚಿಕಿತ್ಸೆಗೆ ಅದೇ ಬುನಾದಿ.

ಮುಖ್ಯ ವಿಧಾನಗಳು

ಪಿಆರ್‌ಕೆ: ಕಾರ್ನಿಯಾದ ಹೊರಪೊರೆಯನ್ನು ಸರಿಸಿ ಮೇಲಿನಿಂದ ಲೇಸರ್ ಬಿಡುತ್ತಾರೆ. ಮೂರು–ನಾಲ್ಕು ದಿನ ನೋವಿರುತ್ತದೆ, ದೃಷ್ಟಿ ಸರಿಹೋಗುವುದೂ ನಿಧಾನ.
ಲ್ಯಾಸಿಕ್: ತೆಳುವಾದ ಮುಚ್ಚಳದಂತೆ ಪದರ ಎತ್ತಿ, ಒಳಗೆ ತಿದ್ದಿ, ಮತ್ತೆ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ. ಆದರೆ ಕಣ್ಣಿಗೆ ಬಲವಾದ ಪೆಟ್ಟು ಬಿದ್ದರೆ ಮುಚ್ಚಳ ಜರುಗಬಹುದು.
ಸ್ಮೈಲ್: ಚಿಕ್ಕ ಸೀಳಿನ ಮೂಲಕ ಒಳಗಿನ ತೆಳು ಚೂರನ್ನು ಹೊರತೆಗೆಯುತ್ತಾರೆ. ಖರ್ಚು ಹೆಚ್ಚು.
ಐಸಿಎಲ್: ಇದು ಲೇಸರ್ ಅಲ್ಲ. ನಂಬರ್ ಬಹಳ ಹೆಚ್ಚಿದ್ದು ಕಾರ್ನಿಯಾ ತೆಳುವಾಗಿದ್ದವರಿಗೆ ಕಣ್ಣಿನೊಳಗೆ ಮಸೂರ ಕೂರಿಸುವುದು.

ಯಾರ ಕಣ್ಣು ಒಪ್ಪುತ್ತದೆ?

ವಯಸ್ಸು 18 ದಾಟಿರಬೇಕು ಮತ್ತು ಕನಿಷ್ಠ ಒಂದು ವರ್ಷ ನಂಬರ್ ಬದಲಾಗದೆ ನಿಂತಿರಬೇಕು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು ಮುಂದೂಡಬೇಕು.

ಕಾರ್ನಿಯಾ ದಪ್ಪವೂ ಮುಖ್ಯ. ಸಾಮಾನ್ಯವಾಗಿ ಅದು ಸುಮಾರು 540 ಮೈಕ್ರಾನ್ ಇರುತ್ತದೆ. ಲ್ಯಾಸಿಕ್ ಮುಚ್ಚಳಕ್ಕೆ ಸುಮಾರು 110 ಹೋಗುತ್ತದೆ, ಒಂದೊಂದು ನಂಬರಿಗೆ ಸುಮಾರು 14 ಹೋಗುತ್ತದೆ. ಎಲ್ಲ ಕಳೆದು ಕೆಳಗೆ ಕನಿಷ್ಠ 250, ಸಾಧ್ಯವಾದರೆ 300 ಉಳಿಯಬೇಕು. ಮೈನಸ್ 6 ನಂಬರಿನವರಿಗೆ 540ರಲ್ಲಿ 194 ಹೋದರೂ 346 ಉಳಿಯುತ್ತದೆ. ಕಾರ್ನಿಯಾ 480 ಮಾತ್ರ ಇದ್ದು ನಂಬರ್ ಮೈನಸ್ 8 ಆಗಿದ್ದರೆ 258 ಉಳಿಯುತ್ತದೆ. ಅಂಥವರಿಗೆ ‘ಬೇಡ’ ಎನ್ನುವ ವೈದ್ಯರು ಉಪಕಾರವನ್ನೇ ಮಾಡುತ್ತಿದ್ದಾರೆ.

ಈ ಭಾಗದವರು ಇನ್ನೊಂದು ವಿಷಯ ಗಮನಿಸಬೇಕು. ಸಂಡೂರಿನ ಅದಿರು ಧೂಳು, ಕಂಪ್ಲಿ ಕಡೆಯ ಭತ್ತದ ಒಕ್ಕಣೆ ಧೂಳು, ಬೇಸಿಗೆಯ ಬಿಸಿಗಾಳಿ – ಇವುಗಳಿಂದ ಕಣ್ಣು ಒಣಗುವುದು, ತುರಿಸುವುದು ಸಹಜ. ಅಲರ್ಜಿಯಿಂದ ಸದಾ ಕಣ್ಣು ಉಜ್ಜಿಕೊಳ್ಳುವ ಮಕ್ಕಳಲ್ಲಿ ಕೆರಟೋಕೋನಸ್ ಬರಬಹುದು, ಅಂದರೆ ಕಾರ್ನಿಯಾ ತೆಳ್ಳಗಾಗಿ ಶಂಕುವಿನಂತೆ ಮುಂದೆ ಚಾಚಿಕೊಳ್ಳುತ್ತದೆ. ಅಂಥ ಕಣ್ಣಿಗೆ ಲ್ಯಾಸಿಕ್ ಮಾಡಿದರೆ ಇದ್ದ ದೃಷ್ಟಿಯೂ ಕೆಡಬಹುದು. ಇದನ್ನು ಪತ್ತೆ ಮಾಡುವುದು ಕಾರ್ನಿಯಾ ಟೊಪೋಗ್ರಫಿ ಪರೀಕ್ಷೆ. ಈ ಪರೀಕ್ಷೆ ಇಲ್ಲದೆ ದಿನಾಂಕ ಕೊಡುವವರ ಬಳಿ ಮುಂದುವರಿಯಬಾರದು. ಪರೀಕ್ಷೆಗೆ ಒಂದೆರಡು ವಾರ ಮೊದಲೇ ಮೃದು ಕಾಂಟ್ಯಾಕ್ಟ್ ಲೆನ್ಸ್ ನಿಲ್ಲಿಸಬೇಕು. ಗಟ್ಟಿ ಲೆನ್ಸ್ ಹಾಕುವವರು ಇನ್ನೂ ಮುಂಚೆ ನಿಲ್ಲಿಸಬೇಕು.

ಅಪಾಯಗಳು

ದೃಷ್ಟಿಯೇ ಹೋಗುವಂಥ ತೊಂದರೆ ಅಪರೂಪ. ಸಣ್ಣ ತೊಂದರೆಗಳು ಅಪರೂಪವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಾಲ್ಗೊಂಡ ಅಧ್ಯಯನದಲ್ಲಿ 95%ಗೂ ಹೆಚ್ಚು ಜನ ತಮ್ಮ ದೃಷ್ಟಿಯ ಬಗ್ಗೆ ತೃಪ್ತಿ ಹೇಳಿದರು. ಅದೇ ಅಧ್ಯಯನದಲ್ಲಿ, ಮೊದಲು ತೊಂದರೆ ಇಲ್ಲದವರ ಪೈಕಿ 40% ವರೆಗಿನ ಜನರಿಗೆ ಮೂರು ತಿಂಗಳ ನಂತರ ದೀಪದ ಸುತ್ತ ಪ್ರಭೆ ಕಾಣುತ್ತಿತ್ತು, 28% ವರೆಗಿನ ಜನರಿಗೆ ಕಣ್ಣು ಒಣಗುತ್ತಿತ್ತು. ಇದರಿಂದ ದಿನದ ಕೆಲಸಕ್ಕೆ ತುಂಬಾ ಅಡ್ಡಿಯಾದವರು 1%ಗಿಂತ ಕಡಿಮೆ. ಬಹುತೇಕರಿಗೆ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ. ಆದರೂ ರಾತ್ರಿ ಹೆದ್ದಾರಿಯಲ್ಲಿ ವಾಹನ ಓಡಿಸುವವರು, ಧೂಳಿನಲ್ಲಿ ದುಡಿಯುವವರು ಇದನ್ನು ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ಲೇಸರ್ ಕನ್ನಡಕ ತೆಗೆಸುತ್ತದೆ, ಕಣ್ಣಿನ ಸ್ವಭಾವ ಬದಲಿಸುವುದಿಲ್ಲ. ಮೈನಸ್ ನಂಬರ್ ಹೆಚ್ಚಿದ್ದವರಿಗೆ ರೆಟಿನಾ ಹರಿಯುವ ಅಪಾಯ ಲೇಸರ್ ನಂತರವೂ ಹಾಗೆಯೇ ಇರುತ್ತದೆ. ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ತಪ್ಪಿಸಬಾರದು.

ಖರ್ಚಿನ ಲೆಕ್ಕ

ವಿಧಾನ ಮತ್ತು ಊರಿಗೆ ತಕ್ಕಂತೆ ಎರಡೂ ಕಣ್ಣಿಗೆ ಕೆಲವು ಹತ್ತು ಸಾವಿರದಿಂದ ಒಂದು ಲಕ್ಷ ರೂಪಾಯಿ ದಾಟುವವರೆಗೂ ದರಗಳಿವೆ. ಲೇಸರ್ ಸೌಲಭ್ಯಕ್ಕೆ ಈ ಭಾಗದವರು ಸುಮಾರು 150 ಕಿ.ಮೀ. ದೂರದ ಹುಬ್ಬಳ್ಳಿಯ ಎಂ.ಎಂ. ಜೋಶಿ ನೇತ್ರ ಆಸ್ಪತ್ರೆಗೆ ಹೋಗಬಹುದು. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರಿನ ನಾರಾಯಣ ನೇತ್ರಾಲಯದಂಥ ಆಸ್ಪತ್ರೆಗಳಿವೆ. ಚಿಕಿತ್ಸೆ ಕೆಲವೇ ನಿಮಿಷದ್ದಾದರೂ ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಮತ್ತೆ ತೋರಿಸಬೇಕು. ಆ ಓಡಾಟವನ್ನೂ ಸೇರಿಸಿಕೊಳ್ಳಿ.

ಉದಾಹರಣೆಗೆ, ಚಿಕಿತ್ಸೆಗೆ ₹70,000, ಓಡಾಟ, ವಸತಿ, ಔಷಧಕ್ಕೆ ₹10,000 ಎಂದುಕೊಳ್ಳಿ. ಒಟ್ಟು ₹80,000. ಎರಡು ವರ್ಷಕ್ಕೊಮ್ಮೆ ₹3,000ದ ಕನ್ನಡಕ ಕೊಂಡರೆ 20 ವರ್ಷಕ್ಕೆ ₹30,000 ಮಾತ್ರ. ಹಣ ಉಳಿಸಲೆಂದು ಲೇಸರ್ ಮಾಡಿಸುವುದಾದರೆ ಲೆಕ್ಕ ಕೂಡುವುದಿಲ್ಲ. ಲೆನ್ಸ್ ಮತ್ತು ದ್ರಾವಣಕ್ಕೆ ತಿಂಗಳಿಗೆ ₹700 ಖರ್ಚು ಮಾಡುವವರಿಗೆ ಸುಮಾರು ಒಂಬತ್ತೂವರೆ ವರ್ಷಕ್ಕೆ ಸರಿಹೋಗುತ್ತದೆ. ಜೊತೆಗೆ, 40 ದಾಟಿದ ಮೇಲೆ ಓದಲು ಕನ್ನಡಕ ಬಹುತೇಕ ಎಲ್ಲರಿಗೂ ಬರುತ್ತದೆ. 24ರಲ್ಲಿ ಮಾಡಿಸಿದವರಿಗೂ 38ರಲ್ಲಿ ಮಾಡಿಸಿದವರಿಗೂ ಸಿಗುವ ಲಾಭ ಒಂದೇ ಅಲ್ಲ.

ಆರೋಗ್ಯ ವಿಮೆಯಲ್ಲಿ 7.5ಕ್ಕಿಂತ ಕಡಿಮೆ ನಂಬರಿನ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಅದಕ್ಕಿಂತ ಹೆಚ್ಚಿದ್ದವರು ಪಾಲಿಸಿಯ ಷರತ್ತು ಓದಿ ವಿಚಾರಿಸಬೇಕು.

ಉದ್ಯೋಗ ಮತ್ತು ಮದುವೆ

ಮಕ್ಕಳು ಸರ್ಕಾರಿ ನೌಕರಿಗೆ ಪ್ರಯತ್ನಿಸುತ್ತಿದ್ದರೆ ಮೊದಲು ಆ ಹುದ್ದೆಯ ವೈದ್ಯಕೀಯ ನಿಯಮ ಓದಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲ್ಯಾಸಿಕ್ ಮಾಡಿಸಿಕೊಂಡವರು ಅರ್ಹರಲ್ಲ. ಸೇನೆಯಲ್ಲಿ ಪ್ರವೇಶದ ಬಗೆಗೆ ತಕ್ಕಂತೆ ನಿಯಮ ಬೇರೆ ಬೇರೆ. ಕನ್ನಡಕ ತೆಗೆಸಿದರೆ ಕೆಲಸ ಸಿಗುತ್ತದೆಂದು ಅವಸರಪಟ್ಟು, ಇದ್ದ ಅವಕಾಶವನ್ನೇ ಕಳೆದುಕೊಳ್ಳಬಾರದು.

‘ಹೆಣ್ಣು ನೋಡಲು ಬರುವ ಮುಂಚೆ ಕನ್ನಡಕ ತೆಗೆಸಿಬಿಡಿ’ ಎಂಬ ಸಲಹೆ ಎಲ್ಲ ಸಮಾಜಗಳಲ್ಲೂ ಇದೆ. ಕನ್ನಡಕ ದೋಷವಲ್ಲ. ಕಣ್ಣು ಹುಡುಗಿಯದು, ಒಪ್ಪಿಗೆಯೂ ಅವಳದೇ ಆಗಿರಬೇಕು. ಅವಳಿಗೇ ಇಷ್ಟವಿದ್ದರೆ ಮದುವೆಗೆ ಕೆಲವು ತಿಂಗಳು ಮುಂಚೆ ಮಾಡಿಸಲಿ. ಹೊಗೆ, ಕಾಡಿಗೆ, ಮೇಕಪ್ ಹಸಿ ಕಣ್ಣಿಗೆ ಒಳ್ಳೆಯದಲ್ಲ.

ಚಿಕಿತ್ಸೆಯ ನಂತರ

ಮೊದಲ ವಾರ ಕಣ್ಣಿಗೆ ನೀರು ಬೀಳಬಾರದು, ಉಜ್ಜಬಾರದು. ಹೊರಗೆ ಹೋಗುವಾಗ ಧೂಳು, ಬಿಸಿಲು ತಡೆಯುವ ಕನ್ನಡಕ ಹಾಕಬೇಕು. ಹಂಪಿಯ ಬಿಸಿಲಿನಲ್ಲಿ ದಿನವಿಡೀ ನಡೆಯುವ ಕೆಲಸದವರು ರಜೆಯಲ್ಲಿ ಮಾಡಿಸುವುದು ಲೇಸು. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದವರು ಮಾತ್ರೆಯ ಸಮಯ ಹೊಂದಿಸಿಕೊಡಲು ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ. ಪರ್ಯೂಷಣ, ದಶಲಕ್ಷಣದ ಉಪವಾಸದ ದಿನಗಳಲ್ಲಿ ಚಿಕಿತ್ಸೆ ಇಟ್ಟುಕೊಳ್ಳದಿದ್ದರೆ ಅನುಕೂಲ.

ಚಿಕಿತ್ಸೆಗೆ ಮುಂಚಿನ ಕಾರ್ನಿಯಾ ಅಳತೆಯ ವರದಿಯನ್ನು ಮನೆಯ ದಾಖಲೆಗಳ ಜೊತೆ ಕಾಪಾಡಿ. ಮುಂದೆ ಪೊರೆ ಬಂದಾಗ ಕಣ್ಣಿಗೆ ಹಾಕುವ ಮಸೂರದ ಲೆಕ್ಕಕ್ಕೆ ಆ ಅಂಕಿಗಳು ಬೇಕಾಗುತ್ತವೆ.

ಲೇಸರ್ ಆದವರು ನೇತ್ರದಾನ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು. ತಿದ್ದಿದ ಮೇಲ್ಪದರ ಉಪಯೋಗಕ್ಕೆ ಬಾರದಿದ್ದರೂ ಕಾರ್ನಿಯಾದ ಒಳಪದರವನ್ನು ಕಸಿಗೆ ಬಳಸುತ್ತಾರೆ.

ನಿರ್ಧರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಕಾರ್ನಿಯಾ ದಪ್ಪ ಎಷ್ಟಿದೆ, ಚಿಕಿತ್ಸೆಯ ನಂತರ ಎಷ್ಟು ಉಳಿಯುತ್ತದೆ?
2. ಟೊಪೋಗ್ರಫಿ, ಕಣ್ಣೀರು, ರೆಟಿನಾ ಪರೀಕ್ಷೆ ಆಗಿವೆಯೇ? ವರದಿಗಳ ಪ್ರತಿ ಕೊಡುತ್ತಾರೆಯೇ?
3. ನನ್ನ ಕಣ್ಣಿಗೆ ಇದೇ ವಿಧಾನ ಏಕೆ?
4. ಸ್ವಲ್ಪ ನಂಬರ್ ಉಳಿದರೆ ಮತ್ತೆ ತಿದ್ದಲು ಬೇರೆ ಹಣ ಕೊಡಬೇಕೇ?
5. ನಂತರದ ತಪಾಸಣೆಗಳು ಇದೇ ದರದಲ್ಲಿ ಸೇರಿವೆಯೇ?

ಮೊದಲು ಸ್ಥಳೀಯ ನೇತ್ರ ವೈದ್ಯರಿಗೆ ತೋರಿಸಿ, ಅನುಮಾನವಿದ್ದರೆ ಎರಡನೆಯವರ ಅಭಿಪ್ರಾಯ ಪಡೆಯಿರಿ. ಕಣ್ಣು ಒಪ್ಪಿ, ಕೆಲಸಕ್ಕೆ ನಿಜವಾದ ಅನುಕೂಲವಿದ್ದು, ಸಾಲವಿಲ್ಲದೆ ಹಣ ಹೊಂದುವುದಾದರೆ ಮಾಡಿಸಬಹುದು. ಈ ಮೂರರಲ್ಲಿ ಒಂದು ಕೂಡದಿದ್ದರೂ ಕನ್ನಡಕವೇ ಸಾಕು.