ಪ್ರಾಚೀನ ಬಂಡೆಕುಸಿತಗಳ ಕಾಲನಿರ್ಣಯ

ಬೆಟ್ಟದ ಕಡಿದಾದ ಮುಖದಿಂದ ಕಳಚಿ ಉರುಳಿದ ಬಂಡೆಗಳು ಎಂದು ಬಿದ್ದವೆಂದು ಕಂಡುಹಿಡಿದು, ಲಿಖಿತ ದಾಖಲೆಗೂ ಹಿಂದಿನ ಭೂಕಂಪಗಳನ್ನು ಗುರುತಿಸುವ ವಿಧಾನ. ಹಳೆಯ ಭೂಕಂಪಗಳ ಶೋಧಕ್ಕೆ ಸಾಮಾನ್ಯವಾಗಿ ಸ್ತರಭಂಗಕ್ಕೆ ಅಡ್ಡಲಾಗಿ ಕಂದಕ ತೋಡಿ, ತುಂಡಾದ ಮಣ್ಣಿನ ಪದರಗಳನ್ನು ಪರೀಕ್ಷಿಸುತ್ತಾರೆ. ಸ್ತರಭಂಗ ಮೇಲಕ್ಕೆ ಬಾರದೆ ಆಳದಲ್ಲೇ ಅಡಗಿದ್ದರೆ ಕಂದಕದಿಂದ ಪ್ರಯೋಜನವಿಲ್ಲ. ಅಲ್ಲಿ ಬಂಡೆಗಳೇ ಸಾಕ್ಷಿ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2011ರ ಫೆಬ್ರವರಿ 22ರಂದು 185 ಜನರನ್ನು ಬಲಿ ತೆಗೆದುಕೊಂಡ ಭೂಕಂಪ ಅಂಥದು; ಅದರ ಸ್ತರಭಂಗ ನೆಲವನ್ನು ಸೀಳಲಿಲ್ಲ. ಆದರೆ ಪೋರ್ಟ್ ಹಿಲ್ಸ್ ಗುಡ್ಡಗಳಿಂದ ಬಂಡೆಗಳು ರಾಪಕಿ ಎಂಬ ಊರಿನ ಮೇಲೆ ಉರುಳಿದವು, ಒಂದು ಬಂಡೆ ಮನೆಯೊಂದರ ಮೂಲಕವೇ ಹಾದುಹೋಯಿತು. 2010ರ ಸೆಪ್ಟೆಂಬರಿನ 7.1 ಪ್ರಮಾಣದ ಭೂಕಂಪ ಇದಕ್ಕಿಂತ ದೊಡ್ಡದಾದರೂ ದೂರದ್ದಾದ್ದರಿಂದ ಈ ಇಳಿಜಾರನ್ನು ಅಷ್ಟಾಗಿ ಕದಲಿಸಿರಲಿಲ್ಲ. ಅಂದರೆ ಇಲ್ಲಿನ ಕುಸಿತ ತೋರಿಸುವುದು ಹತ್ತಿರದ ಬಲವಾದ ಕಂಪನವನ್ನು.

ಹೊಸ ಬಂಡೆಗಳ ನಡುವೆ ಮಣ್ಣಿನಲ್ಲಿ ಅರ್ಧ ಹೂತುಹೋದ ಹಳೆಯ ಬಂಡೆಗಳೂ ಇದ್ದವು. ಬಯಲಿಗೆ ಬಿದ್ದ ಜ್ವಾಲಾಮುಖಿ ಶಿಲೆಗೆ ವಿಶ್ವಕಿರಣಗಳು ತಾಗಿದಾಗ ಅದರ ಖನಿಜಗಳಲ್ಲಿ ಹೀಲಿಯಂ-3 ಉಂಟಾಗಿ ವರ್ಷ ವರ್ಷ ಕೂಡುತ್ತ ಹೋಗುತ್ತದೆ. ಅದನ್ನು ಅಳೆದ ಬೆನ್ ಮ್ಯಾಕಿ ಮತ್ತು ಮಾರ್ಕ್ ಕ್ವಿಗ್ಲಿ, ಸುಮಾರು 8,000ದಿಂದ 6,000 ವರ್ಷಗಳ ಹಿಂದೆ ಇಂಥದೇ ಕುಸಿತ ನಡೆದಿತ್ತೆಂದೂ, 14,000ದಿಂದ 13,000 ವರ್ಷಗಳ ಹಿಂದೆ ಇನ್ನೊಂದು ನಡೆದಿರಬಹುದೆಂದೂ 2014ರಲ್ಲಿ ಪ್ರಕಟಿಸಿದರು. ಬೀಳುವ ಮೊದಲೇ ವಿಶ್ವಕಿರಣಗಳಿಗೆ ಒಡ್ಡಿಕೊಂಡಿದ್ದ ಮುಖವನ್ನು ಅಳೆದರೆ ಬಂಡೆಗೆ ಇಲ್ಲದ ಪ್ರಾಯ ಬಂದುಬಿಡುತ್ತದೆ. ಈ ವಿಧಾನದ ದೊಡ್ಡ ತೊಡಕು ಇದೇ.

ಕೆಲವು ಶತಮಾನಗಳ ಈಚಿನ ಕುಸಿತಗಳಿಗೆ ಕಲ್ಲುಹೂವು ಸಾಕು. ಹೊಸ ಕಲ್ಲಿನ ಮೇಲೆ ಹುಟ್ಟುವ ರೈಜೋಕಾರ್ಪನ್ ಎಂಬ ಹಳದಿ-ಹಸಿರು ಕಲ್ಲುಹೂವು ನಿಧಾನವಾಗಿ ಹರಡುವುದರಿಂದ ಅದರ ಅಗಲವೇ ವಯಸ್ಸಿನ ಅಳತೆ. ಬೆಳೆಯುವ ವೇಗವನ್ನು ಕಾಲ ಗೊತ್ತಿರುವ ಕಲ್ಲುಗಳಿಂದ ತಿಳಿಯಲಾಗುತ್ತದೆ. ನ್ಯೂಜಿಲೆಂಡಿನ ಸದರ್ನ್ ಆಲ್ಪ್ಸ್‌ನಲ್ಲಿ ವಿಲಿಯಂ ಬುಲ್ ಮತ್ತು ಮಾರ್ಕ್ ಬ್ರಾಂಡನ್ ಇದನ್ನು ಬಳಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಳೆ, ಹಿಮವೂ ಬಂಡೆಯನ್ನು ಬೀಳಿಸುತ್ತವಾದ್ದರಿಂದ ಒಂದು ಕಲ್ಲಿನ ವಯಸ್ಸು ಏನನ್ನೂ ಸಾಬೀತು ಮಾಡದು. ವಿಶಾಲ ಪ್ರದೇಶದ ಅನೇಕ ಕಡೆ ಒಂದೇ ಕಾಲದ ಕುಸಿತಗಳು ಕಂಡರೆ ಮಾತ್ರ ಭೂಕಂಪವೆನ್ನಬಹುದು.

ರಾಪಕಿಯಲ್ಲಿ 2011ರ ಬಂಡೆಗಳು ಹಳೆಯವು ನಿಂತ ಜಾಗಗಳನ್ನು ದಾಟಿ ಕೆಳಗೆ ಹೋದವು. ನಡುವೆ ಮನುಷ್ಯರು ಇಳಿಜಾರಿನ ಕಾಡನ್ನು ಕಡಿದಿದ್ದು ಇದಕ್ಕೆ ಮುಖ್ಯ ಕಾರಣವೆಂದು ತೋರಿದೆ. ಆದ್ದರಿಂದ ಹಳೆಯ ಬಂಡೆಗಳು ನಿಂತ ಗೆರೆಯನ್ನು ಮನೆ ಕಟ್ಟಲು ಸುರಕ್ಷಿತ ಗಡಿಯೆಂದು ಬಗೆಯುವಂತಿಲ್ಲ.