ಹಾರ್ಲೆಮಿನ ನೃತ್ಯಶಾಲೆ

ವಿದ್ಯೆಗೆ ಅಧಿಕಾರಿಗಳಾರು ಎಂಬ ಪ್ರಶ್ನೆಯು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಹುಟ್ಟಿದುದೇ ಆಗಿದೆ. ಕುಲವುಳ್ಳವನೇ ಅಧಿಕಾರಿಯೆಂದು ಕೆಲವರೂ, ಧನವುಳ್ಳವನೇ ಅಧಿಕಾರಿಯೆಂದು ಕೆಲವರೂ ನಡೆದುಕೊಂಡಿರುವರು. ಮೈಬಣ್ಣವೇ ಅಧಿಕಾರವನ್ನು ಗೊತ್ತುಮಾಡತಕ್ಕದ್ದೆಂಬ ಮತವೂ ಒಂದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಮತವು ಬಹುಕಾಲ ಶಾಲೆ, ರೈಲುಗಾಡಿ, ಭೋಜನಗೃಹ, ನಾಟಕಶಾಲೆಗಳನ್ನೆಲ್ಲ ಆಳಿತು. ಇದನ್ನು ನ್ಯಾಯಸ್ಥಾನಗಳಲ್ಲಿಯೂ ಬೀದಿಗಳಲ್ಲಿಯೂ ಎದುರಿಸಿ ನಿಂತವರ ಚರಿತ್ರೆಯು ಪ್ರಸಿದ್ಧವಾದುದು. ನೃತ್ಯರಂಗದಲ್ಲಿ ಎದುರಿಸಿದವರ ಚರಿತ್ರೆಯಾದರೋ ಕನ್ನಡ ವಾಚಕರಿಗೆ ಅಷ್ಟು ಪರಿಚಿತವಲ್ಲ. ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಭಾಗದಲ್ಲಿ 1969ರಲ್ಲಿ ಸ್ಥಾಪಿತವಾದ ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಎಂಬ ನರ್ತಕಮಂಡಲಿಯೂ ಅದರ ಬ್ಯಾಲೆ ಶಾಲೆಯೂ ಆ ಚರಿತ್ರೆಯ ಒಂದು ಮುಖ್ಯ ಪ್ರಕರಣವಾಗಿವೆ.

ಬ್ಯಾಲೆಯನ್ನು ಯೂರೋಪಿನ ಮಾರ್ಗನೃತ್ಯವೆಂದು ಕರೆಯಬಹುದು. ಇಟಲಿಯ ಅರಸರ ಉತ್ಸವಗಳಲ್ಲಿ ಮೊಳೆತು ಅದು ಫ್ರಾನ್ಸಿನ ಆಸ್ಥಾನದಲ್ಲಿ ಶಾಸ್ತ್ರವಾಯಿತು. ಸ್ವತಃ ನರ್ತಕನಾಗಿದ್ದ 14ನೆಯ ಲೂಯಿ ದೊರೆಯು 1661ರಲ್ಲಿ ನೃತ್ಯಕ್ಕಾಗಿಯೇ ಒಂದು ವಿದ್ವತ್ಪರಿಷತ್ತನ್ನು ಏರ್ಪಡಿಸಿದನು. ಈ ಕಾರಣದಿಂದಲೇ ಅದರ ಪರಿಭಾಷೆಯೆಲ್ಲವೂ ಇಂದಿಗೂ ಫ್ರೆಂಚ್ ಭಾಷೆಯಲ್ಲಿದೆ. ಪಾದಗಳನ್ನಿಡುವ ಐದು ಸ್ಥಾನಗಳು, ತೊಡೆಯ ಕೀಲಿನಿಂದಲೇ ಕಾಲುಗಳನ್ನು ಹೊರಮುಖವಾಗಿ ತಿರುಗಿಸುವುದು, ಸ್ತ್ರೀಯರು ತುದಿಯನ್ನು ಗಡುಸುಮಾಡಿದ ಪಾದರಕ್ಷೆಯನ್ನು ತೊಟ್ಟು ಕಾಲ್ಬೆರಳ ತುದಿಯ ಮೇಲೆ ನಿಲ್ಲುವುದು, ಇವು ಅದರ ಮುಖ್ಯ ಲಕ್ಷಣಗಳು. ಎಂಟು ಹತ್ತು ವರ್ಷದ ವಯಸ್ಸಿನಲ್ಲಿ ಆರಂಭಿಸಿ, ಗೋಡೆಗೆ ಹೊಂದಿಸಿದ ಮರದ ಅಡ್ಡಗೋಲನ್ನು ಹಿಡಿದು ದಿನದಿನವೂ ಸಾಧನೆಮಾಡಿದವರಿಗಲ್ಲದೆ ಇದು ಒಲಿಯತಕ್ಕದ್ದಲ್ಲ. ಆದುದರಿಂದ ಬ್ಯಾಲೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಅದರ ಶಾಲೆಗಳ ಚರಿತ್ರೆಯೇ ಸರಿ. ರಷ್ಯದ ರಾಜಶಾಲೆಯಲ್ಲಿ ಕಲಿತ ಜಾರ್ಜ್ ಬ್ಯಾಲಂಚೀನರು 1933ರಲ್ಲಿ ಅಮೆರಿಕಾಕ್ಕೆ ಬಂದಾಗ, ಮಂಡಲಿಗಿಂತ ಮೊದಲು ಶಾಲೆಯು ಬೇಕೆಂದು ಹಟಹಿಡಿದರು. 1934ರಲ್ಲಿ ಶಾಲೆಯು ತೆರೆಯಿತು. ‘ನ್ಯೂಯಾರ್ಕ್ ಸಿಟಿ ಬ್ಯಾಲೆ’ ಎಂಬ ಮಂಡಲಿಯು ಆ ಹೆಸರನ್ನು ತಾಳಿದುದು 1948ರಲ್ಲಿ.

ಇಂತಹ ವಿದ್ಯೆಯು ಕರಿಯರಿಗೆ ಸಲ್ಲದೆಂಬುದಕ್ಕೆ ಹೇಳುತ್ತಿದ್ದ ಪೂರ್ವಪಕ್ಷವು ಎರಡು ಬಗೆಯದು. ಅವರ ಪಾದ, ಸೊಂಟಗಳ ಕಟ್ಟು ಈ ನೃತ್ಯಕ್ಕೆ ಒಗ್ಗತಕ್ಕುದಲ್ಲವೆಂಬುದು ಒಂದು. ಗುಂಪುನೃತ್ಯದಲ್ಲಿ ಇಪ್ಪತ್ತು ಮಂದಿ ಹಂಸಗಳಾಗಿಯೋ ಅಪ್ಸರೆಯರಾಗಿಯೋ ಏಕರೂಪವಾಗಿ ಕಾಣಬೇಕಾದಲ್ಲಿ ಒಬ್ಬಳ ಬಣ್ಣ ಬೇರೆಯಾದರೆ ನೋಟವು ಕೆಡುವುದೆಂಬುದು ಮತ್ತೊಂದು. ಜಾನೆಟ್ ಕಾಲಿನ್ಸ್ ಎಂಬ ಯುವತಿಗೆ ಒಂದು ದೊಡ್ಡ ಮಂಡಲಿಯವರು, ಮುಖಕ್ಕೆ ಬಿಳಿಯ ಬಣ್ಣ ಬಳಿದುಕೊಳ್ಳುವುದಾದರೆ ಸೇರಿಸಿಕೊಳ್ಳುವೆವೆಂದರು. ಆಕೆ ಒಲ್ಲೆನೆಂದು ಹೊರಟುಬಂದಳು. ಮುಂದೆ 1951ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ರಂಗದಲ್ಲಿ ಪ್ರಧಾನ ನರ್ತಕಿಯಾಗಿ ನಿಂತಳು. 1955ರಲ್ಲಿ ಒಂದು ಸಂಚಾರೀ ಮಂಡಲಿಯನ್ನು ಸೇರಿದ ರೇವನ್ ವಿಲ್ಕಿನ್ಸನ್ ಎಂಬಾಕೆಗೆ ದಕ್ಷಿಣ ಪ್ರಾಂತಗಳಲ್ಲಿ ತಂಗಲು ಮನೆ ಸಿಕ್ಕದೆ, ದುಷ್ಟರ ಬೆದರಿಕೆಯೂ ಸೇರಿ, ಕಡೆಗೆ ಹಾಲೆಂಡಿಗೆ ಹೋಗಿ ತನ್ನ ಕಲೆಯನ್ನು ಮೆರೆಸಬೇಕಾಯಿತು. ಪಾದ ಸೊಂಟಗಳ ವಾದವು ವಾದವಲ್ಲ, ನೆಪವೆಂಬುದಕ್ಕೆ ಈ ಇಬ್ಬರೇ ಸಾಕ್ಷಿ.

ಆರ್ಥರ್ ಮಿಚೆಲ್ಲರು 1934ರ ಮಾರ್ಚಿ 27ರಂದು ಹಾರ್ಲೆಮಿನಲ್ಲಿ ಜನಿಸಿದರು. ಹಾರ್ಲೆಮ್ ಎಂಬುದು 17ನೆಯ ಶತಮಾನದಲ್ಲಿ ಡಚ್ಚರು ತಮ್ಮ ಊರಿನ ಹೆಸರನ್ನಿಟ್ಟು ನೆಲೆಗೊಳಿಸಿದ ಹಳ್ಳಿ. 20ನೆಯ ಶತಮಾನದಲ್ಲಿ ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಬಂದ ಕರಿಯ ಜನರು ಇಲ್ಲಿ ನೆಲಸಲು, ಅದು ಅವರ ಸಂಗೀತ ಸಾಹಿತ್ಯಗಳಿಗೆ ತವರಾಯಿತು. ಬಡತನಕ್ಕೂ ಅಷ್ಟೇ ಹೆಸರಾಯಿತು. ಹನ್ನೆರಡನೆಯ ವಯಸ್ಸಿಗೇ ಮನೆಯ ಭಾರವು ಮಿಚೆಲ್ಲರ ಹೆಗಲೇರಿತು. ಬೂಟುಗಳಿಗೆ ಬಣ್ಣ ಹಾಕಿಯೂ ಪತ್ರಿಕೆಗಳನ್ನು ಮಾರಿಯೂ ಅವರು ಸಂಸಾರಕ್ಕೆ ನೆರವಾದರು. ಶಾಲೆಯ ಒಂದು ಸಂತೋಷಕೂಟದಲ್ಲಿ ಹುಡುಗನು ಕುಣಿದುದನ್ನು ಕಂಡ ಉಪಾಧ್ಯಾಯರೊಬ್ಬರು ಅವನನ್ನು ರಂಗಕಲೆಗಳ ಪ್ರೌಢಶಾಲೆಗೆ ಹೋಗೆಂದು ಪ್ರೇರಿಸಿದರು. ಅಲ್ಲಿಂದ 1952ರಲ್ಲಿ ತೇರ್ಗಡೆಯಾಗಿ, ಬ್ಯಾಲಂಚೀನರ ಶಾಲೆಯಲ್ಲಿ ವಿದ್ಯಾರ್ಥಿವೇತನವನ್ನು ಪಡೆದು, 1955ರಲ್ಲಿ ಅವರ ಮಂಡಲಿಯನ್ನೇ ಸೇರಿದರು. ಕಾಲವಿಳಂಬವಾಗಿ ಆರಂಭಿಸಿದವರಿಗೆ ಇದು ಅಸಾಧಾರಣವಾದ ಸಿದ್ಧಿ.

1957ರಲ್ಲಿ ಬ್ಯಾಲಂಚೀನರು ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ‘ಆಗಾನ್’ ಎಂಬ ಕೃತಿಯನ್ನು ರಚಿಸಿ, ಅದರ ಯುಗಳನೃತ್ಯಕ್ಕೆ ಮಿಚೆಲ್ಲರನ್ನೂ ಡಯಾನಾ ಆಡಮ್ಸ್ ಎಂಬ ಬಿಳಿಯ ನರ್ತಕಿಯನ್ನೂ ಗೊತ್ತುಮಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಟ್ಲ್ ರಾಕ್ ಎಂಬ ಊರಿನಲ್ಲಿ ಒಂಬತ್ತು ಮಂದಿ ಕರಿಯ ಮಕ್ಕಳು ಶಾಲೆಯ ಹೊಸಲು ದಾಟಬೇಕಾದರೆ ಸೈನ್ಯದ ಕಾವಲು ಬೇಕಾಗಿದ್ದಿತು. ಅಂತಹ ಕಾಲದಲ್ಲಿ ಕರಿಯ ಪುರುಷನು ಬಿಳಿಯ ಸ್ತ್ರೀಯ ಕೈಹಿಡಿದು ನರ್ತಿಸುವುದೆಂದರೆ ಸಾಮಾನ್ಯವಾದ ಸಾಹಸವಲ್ಲ. ನ್ಯೂಯಾರ್ಕಿನ ರಸಿಕರು ಅದನ್ನು ಮೆಚ್ಚಿದರು. ಆದರೆ ಅಮೆರಿಕಾದ ವಾಣಿಜ್ಯ ಟೆಲಿವಿಷನ್ ಸಂಸ್ಥೆಗಳು 1968ರ ವರೆಗೂ ಆ ನೃತ್ಯವನ್ನು ತೋರಿಸಲಿಲ್ಲ. ಮಿಚೆಲ್ಲರೇನೋ ಆ ಮಂಡಲಿಯ ಪ್ರಧಾನ ನರ್ತಕರಲ್ಲಿ ಒಬ್ಬರಾದರು. ಒಬ್ಬನು ಒಳಗೆ ಹೋದ ಮಾತ್ರಕ್ಕೆ ಬಾಗಿಲು ತೆರೆಯಿತೆಂದು ಹೇಳಲಾಗುವುದಿಲ್ಲವಷ್ಟೆ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗರು ಮೆಂಫಿಸ್ ನಗರದಲ್ಲಿ ಗುಂಡಿಗೆ ಆಹುತಿಯಾದರು. ಆಗ ಮಿಚೆಲ್ಲರು ಬ್ರೆಜಿಲ್ ದೇಶದಲ್ಲಿ ಒಂದು ಬ್ಯಾಲೆ ಮಂಡಲಿಯನ್ನು ಕಟ್ಟುವ ಕಾರ್ಯದಲ್ಲಿ ತೊಡಗಿದ್ದರು. ಅಲ್ಲಿಗೆ ಹೊರಟು ವಿಮಾನನಿಲ್ದಾಣದ ದಾರಿಯಲ್ಲಿದ್ದಾಗ ಈ ವಾರ್ತೆಯು ಅವರ ಕಿವಿಗೆ ಬಿತ್ತು. ಪರದೇಶದಲ್ಲಿ ಮಾಡಹೊರಟ ಕೆಲಸವನ್ನು ತಾನು ಹುಟ್ಟಿದ ಕೇರಿಯಲ್ಲಿಯೇ ಏಕೆ ಮಾಡಬಾರದೆಂಬ ವಿಚಾರವು ಅವರಲ್ಲಿ ಬಲವಾಯಿತು. ಆ ಬೇಸಗೆಯಲ್ಲಿಯೇ ಮೂವತ್ತು ಮಂದಿ ಮಕ್ಕಳಿಗೆ ಪಾಠವು ಆರಂಭವಾಯಿತು. ಪಾಠದ ಸ್ಥಳ ಹಾರ್ಲೆಮಿನ ಒಂದು ಗ್ಯಾರೇಜು. ಸೆಕೆಯ ಕಾರಣ ಅದರ ದೊಡ್ಡ ಬಾಗಿಲನ್ನು ತೆರೆದೇ ಇಡುತ್ತಿದ್ದುದರಿಂದ, ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡನೋಡುತ್ತ ಮಕ್ಕಳು ಒಳಹೊಕ್ಕರು. ಕೆಲವೇ ತಿಂಗಳುಗಳಲ್ಲಿ ಮೂವತ್ತು ನಾಲ್ಕುನೂರಾಯಿತು. ಏಕಲವ್ಯನು ಗುರುವನ್ನರಸಿ ಹೋಗಿ ಬರಿಗೈಯಲ್ಲಿ ಹಿಂದಿರುಗಬೇಕಾಗಿದ್ದಿತು. ಇಲ್ಲಿ ಗುರುವೇ ಶಿಷ್ಯರ ಕೇರಿಗೆ ಬಂದನು.

ಮಿಚೆಲ್ಲರು ಮಕ್ಕಳ ಮನಸ್ಸನ್ನು ಬಲ್ಲವರಾಗಿದ್ದರು. ಮೈಗಂಟಿದ ಉಡುಪನ್ನು ತೊಡಲು ಗಂಡುಹುಡುಗರು ನಾಚುವರೆಂದು ತಿಳಿದು, ಮೊಣಕಾಲವರೆಗೆ ಕತ್ತರಿಸಿದ ಸಾಧಾರಣ ಷರಾಯಿಗಳಲ್ಲಿಯೇ ಬರಗೊಟ್ಟರು. ಅವರ ಉತ್ಸಾಹವನ್ನು ಕೆರಳಿಸಲು ಪಾಠದಲ್ಲಿ ನಗಾರಿಯ ನಾದವನ್ನು ಸೇರಿಸಿದರು. ಉಡುಪಿನಲ್ಲಿ ತೋರಿದ ಸಡಿಲವನ್ನು ಅಭ್ಯಾಸದಲ್ಲಿ ಮಾತ್ರ ತೋರಲಿಲ್ಲ. ಕಾಲಕ್ಕೆ ಸರಿಯಾಗಿ ಬರುವುದು, ನೆಟ್ಟಗೆ ನಿಲ್ಲುವುದು, ತಪ್ಪಿದ ಹೆಜ್ಜೆಯನ್ನು ನೂರು ಸಲವಾದರೂ ತಿದ್ದುವುದು, ಇವುಗಳಲ್ಲಿ ಅವರು ಕಠಿಣರು. ನರ್ತಕರಾಗದವರಿಗೂ ಶಾಲೆಯು ಪ್ರಯೋಜನಕ್ಕೆ ಬರಲೆಂದು ಸಂಗೀತ, ವೇಷಭೂಷಣಗಳ ಹೊಲಿಗೆ, ರಂಗದ ದೀಪವ್ಯವಸ್ಥೆ ಮುಂತಾದುವನ್ನೂ ಕಲಿಸುವ ಏರ್ಪಾಡಾಯಿತು. ಭಾನುವಾರಗಳಲ್ಲಿ ಕೇರಿಯ ಜನರನ್ನು ಕರೆದು ನೃತ್ಯವನ್ನು ತೋರಿಸುವ ಪದ್ಧತಿಯೂ ಹುಟ್ಟಿತು. ಮಗಳ ಸಾಧನೆಯನ್ನು ನೋಡಲು ಬಂದ ತಾಯಿಯು ಬ್ಯಾಲೆಯ ರಸಿಕಳಾಗಿ ಹಿಂದಿರುಗುವಳು. ಮಂಡಲಿಗೆ ಬೇಕಾದ ಸಹೃದಯರನ್ನೂ ಶಾಲೆಯೇ ಬೆಳೆಸಿತು.

ಈ ಕಾರ್ಯದಲ್ಲಿ ಅವರಿಗೆ ಬಲಗೈಯಾದವರು ಕರೆಲ್ ಷೂಕ್ ಎಂಬ ಬಿಳಿಯ ಆಚಾರ್ಯರು. ಹಿಂದೆ ಮಿಚೆಲ್ಲರಿಗೆ ಪಾಠ ಹೇಳಿದ್ದ ಷೂಕರು, ಹಾಲೆಂಡಿನಲ್ಲಿ ತಮಗಿದ್ದ ಪದವಿಯನ್ನು ಬಿಟ್ಟು ಶಿಷ್ಯನ ಸಹಾಯಕ್ಕೆ ಬಂದರು. 1985ರಲ್ಲಿ ತೀರಿಕೊಳ್ಳುವವರೆಗೂ ಸಂಸ್ಥೆಯ ಕೆಲಸವನ್ನು ಬಿಡಲಿಲ್ಲ. ಮಿಚೆಲ್ಲರ ಸ್ವಂತ ಉಳಿತಾಯವೂ ಫೋರ್ಡ್ ಪ್ರತಿಷ್ಠಾನದ ದ್ರವ್ಯಸಹಾಯವೂ ಸೇರಿ 1969ರಲ್ಲಿ ಸಂಸ್ಥೆಯು ವಿಧಿವತ್ತಾಗಿ ಸ್ಥಾಪಿತವಾಯಿತು. 1971ರ ಜನವರಿ 8ರಂದು ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ಮಂಡಲಿಯು ವಿಧ್ಯುಕ್ತವಾಗಿ ರಂಗಪ್ರವೇಶಮಾಡಿತು. ಬ್ಯಾಲಂಚೀನರು ತಮ್ಮ ಕೃತಿಗಳನ್ನು ಆಡುವ ಅನುಮತಿಯನ್ನು ಉದಾರವಾಗಿ ಕೊಟ್ಟರು.

ಆಗ ಹೊಸದೊಂದು ಆಕ್ಷೇಪವು, ಅದೂ ಸ್ವಜನರಿಂದಲೇ, ಬಂದಿತು. ಆಫ್ರಿಕಾದ ಮಕ್ಕಳಿಗೆ ಫ್ರಾನ್ಸಿನ ದೊರೆಗಳ ಕುಣಿತವೇಕೆ, ತಮ್ಮದೇ ನೃತ್ಯವಿಲ್ಲವೆ, ಎಂಬುದೇ ಅದು. ಇದು ಸುಲಭವಾಗಿ ತಳ್ಳಿಬಿಡತಕ್ಕ ಮಾತಲ್ಲ. ಪರರ ವಿದ್ಯೆಯನ್ನು ಕಲಿಯುವ ಭರದಲ್ಲಿ ತಮ್ಮದನ್ನು ಮರೆತ ಜನಾಂಗಗಳುಂಟು. ಮಿಚೆಲ್ಲರ ಮಂಡಲಿಯು ಇದಕ್ಕೆ ತನ್ನ ಪ್ರಯೋಗಗಳಿಂದಲೇ ಉತ್ತರವನ್ನು ಕೊಟ್ಟಿತು. 1974ರಲ್ಲಿ ಜೆಫ್ರಿ ಹೋಲ್ಡರರು ರಚಿಸಿದ ‘ಡೂಗ್ಲಾ’ ಎಂಬ ಕೃತಿಯಲ್ಲಿ ಟ್ರಿನಿಡಾಡ್ ದ್ವೀಪದಲ್ಲಿ ಆಫ್ರಿಕಾದವರಿಗೂ ಭಾರತದಿಂದ ಕೂಲಿಗಾಗಿ ಹೋದವರಿಗೂ ಕೂಡಿದ ರಕ್ತಸಂಬಂಧವೇ ವಸ್ತು. ‘ದೋಗ್ಲಾ’ ಎಂಬ ನಿಂದೆಯ ಮಾತೇ ಅಲ್ಲಿ ವೈಭವದ ವಿವಾಹೋತ್ಸವಕ್ಕೆ ಹೆಸರಾಯಿತು. 1982ರಲ್ಲಿ ರಷ್ಯದ ಕಥೆಯಾದ ‘ಅಗ್ನಿಪಕ್ಷಿ’ಯನ್ನು ಉಷ್ಣವಲಯದ ಕಾಡಿಗೆ ತಂದರು. 1984ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದ ‘ಕ್ರಿಯೋಲ್ ಜಿಸೆಲ್’ ಇವೆಲ್ಲಕ್ಕಿಂತ ವಿಚಾರಾರ್ಹವಾದುದು. 1841ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ‘ಜಿಸೆಲ್’ ಕೃತಿಯಲ್ಲಿ, ಹಳ್ಳಿಯ ಹುಡುಗಿಯೊಬ್ಬಳು ವೇಷಮರಸಿ ಬಂದ ಶ್ರೀಮಂತನನ್ನು ಪ್ರೀತಿಸಿ, ಮೋಸವು ಬಯಲಾದಾಗ ಚಿತ್ತಭ್ರಮೆಯಿಂದ ಮಡಿಯುವಳು. ಮಿಚೆಲ್ಲರು ಹೆಜ್ಜೆಗಳನ್ನೂ ಸಂಗೀತವನ್ನೂ ಹಾಗೆಯೇ ಉಳಿಸಿ, ಕಥೆಯನ್ನು ಅದೇ ಕಾಲದ ಲೂಯಿಸಿಯಾನಾ ಪ್ರಾಂತದ ಸ್ವತಂತ್ರ ಕರಿಯರ ಸಮಾಜಕ್ಕೆ ಸಾಗಿಸಿದರು. ಅಲ್ಲಿ ಗುಲಾಮತನದಿಂದ ಎಷ್ಟು ತಲೆಮಾರು ದೂರ ಬಂದಿರುವೆವೆಂಬುದರ ಮೇಲೆ ಮನೆತನದ ಅಂತಸ್ತು ನಿಲ್ಲುತ್ತಿದ್ದಿತು. ಪರರಿಂದ ನೊಂದವರೇ ತಮ್ಮೊಳಗೆ ಮೇಲು ಕೀಳುಗಳನ್ನು ಏರ್ಪಡಿಸಿಕೊಂಡ ಈ ಚಿತ್ರವು ಪುರಾತನ ಕೃತಿಗೆ ಹೊಸ ಜೀವವನ್ನು ಕೊಟ್ಟಿತು.

ಸಣ್ಣದಾಗಿ ಕಂಡರೂ ಹೇಳಲೇಬೇಕಾದ ಸಂಗತಿಯೊಂದುಂಟು. ಬ್ಯಾಲೆಯ ಕಾಲುಡಿಗೆ, ಪಾದರಕ್ಷೆಗಳು ತೆಳುಗುಲಾಬಿ ಬಣ್ಣದವು. ಅದು ಬಿಳಿಯರ ಚರ್ಮದ ಬಣ್ಣದ ಅನುಕರಣ. ಕರಿಯ ನರ್ತಕಿಯು ಅದನ್ನು ತೊಟ್ಟರೆ ಸೊಂಟದಿಂದ ಮೇಲೊಂದು, ಕೆಳಗೊಂದು ಬಣ್ಣವಾಗಿ ಅಂಗರೇಖೆಯು ತುಂಡಾಗುವುದು. ಆದುದರಿಂದ 1970ರ ದಶಕದಲ್ಲಿ ಹಾರ್ಲೆಮಿನ ನರ್ತಕಿಯರು ತಮ್ಮ ತಮ್ಮ ಮೈಬಣ್ಣಕ್ಕೆ ಹೊಂದುವಂತೆ ಕಾಲುಡಿಗೆಗಳಿಗೆ ಬಣ್ಣ ಕಟ್ಟಿ, ಪಾದರಕ್ಷೆಗಳಿಗೆ ಬಣ್ಣ ಬಳಿದು ತೊಡಲಾರಂಭಿಸಿದರು. ಏಕರೂಪತೆಯು ಕೆಡುವುದೆಂಬ ಹಳೆಯ ಪೂರ್ವಪಕ್ಷಕ್ಕೆ ಸಮಾಧಾನವು ಇಲ್ಲಿಯೇ ದೊರೆತಿತು: ಹತ್ತು ಬಣ್ಣದ ನರ್ತಕಿಯರು ಒಂದೇ ತಾಳದಲ್ಲಿ ಒಂದೇ ಹೆಜ್ಜೆಯನ್ನಿಟ್ಟಾಗ ನೋಟವು ಕೆಡಲಿಲ್ಲ. ಲಂಡನ್ನಿನ ಪ್ರಸಿದ್ಧ ಪಾದರಕ್ಷೆಯ ಕಾರ್ಖಾನೆಯೊಂದು ಕಂದುಬಣ್ಣದ ಬ್ಯಾಲೆ ಪಾದರಕ್ಷೆಗಳನ್ನು ಮಾರಲು ತೊಡಗಿದುದು 2018ರಲ್ಲಿ.

ಮಂಡಲಿಯ ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು. 1988ರಲ್ಲಿ ಸೋವಿಯೆಟ್ ರಷ್ಯಕ್ಕೆ ಹೋಗಿ, ಬ್ಯಾಲಂಚೀನರು ಕಲಿತ ಲೆನಿನ್‌ಗ್ರಾಡಿನ ರಂಗದಲ್ಲಿಯೇ ಕುಣಿದರು. 1992ರಲ್ಲಿ, ವರ್ಣಭೇದದ ಆಳ್ವಿಕೆಯು ಇನ್ನೂ ಪೂರ್ತಿಯಾಗಿ ಅಳಿಯದಿದ್ದ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ರಂಗದಲ್ಲಿ ಆಡಿದುದಲ್ಲದೆ ಕರಿಯರ ಕೇರಿಗಳ ಮಕ್ಕಳಿಗೆ ಪಾಠವನ್ನೂ ಹೇಳಿದರು.

ಕೀರ್ತಿಯು ಖಜಾನೆಯನ್ನು ತುಂಬುವುದಿಲ್ಲ. 1990ರಲ್ಲಿಯೇ ಹಣವಿಲ್ಲದೆ ನರ್ತಕರಿಗೆ ಕೆಲವು ತಿಂಗಳು ಕೆಲಸ ತಪ್ಪಿತು. 2004ರಲ್ಲಿ ಸಾಲವು 23 ಲಕ್ಷ ಡಾಲರುಗಳಿಗೆ ಏರಲು, ನಾಲ್ವತ್ತನಾಲ್ಕು ಮಂದಿಯ ಮಂಡಲಿಯನ್ನು ವಿಸರ್ಜಿಸಬೇಕಾಯಿತು. ಶಾಲೆಯೂ ಸ್ವಲ್ಪ ಕಾಲ ಬಾಗಿಲು ಮುಚ್ಚಿತು. ಆದರೆ ದಾನಿಗಳ ನೆರವಿನಿಂದ ಬೇಗನೆ ತೆರೆಯಿತು. ಮುಂದಿನ ಎಂಟು ವರ್ಷ ಹಾರ್ಲೆಮಿಗೆ ಮಂಡಲಿಯಿರಲಿಲ್ಲ, ಶಾಲೆಯಿದ್ದಿತು. ಮಕ್ಕಳು ಬಂದು ಅಡ್ಡಗೋಲನ್ನು ಹಿಡಿದು ಸಾಧನೆಮಾಡುತ್ತಿದ್ದರು. ಶಾಲೆಯ ವಿದ್ಯಾರ್ಥಿಗಳದೇ ಒಂದು ಚಿಕ್ಕ ಮೇಳವು ಊರೂರು ತಿರುಗಿ ಸಂಸ್ಥೆಯ ಹೆಸರನ್ನು ಉಳಿಸಿತು. ಮಂಡಲಿಯನ್ನು ಮತ್ತೆ ಎತ್ತಿ ನಿಲ್ಲಿಸಿದವರು ವರ್ಜೀನಿಯಾ ಜಾನ್ಸನ್ನರು. ಬಾಲ್ಯದಲ್ಲಿ ಬ್ಯಾಲೆಯನ್ನು ಚೆನ್ನಾಗಿ ಕಲಿತಿದ್ದರೂ, ಕರಿಯಳಾದ ನಿನಗೆ ಇದರಲ್ಲಿ ಜೀವನವಿಲ್ಲವೆಂಬ ಮಾತನ್ನು ಕೇಳಿ ಬಂದವರು ಅವರು. ಮಿಚೆಲ್ಲರ ಮೊದಲ ಮಂಡಲಿಯಲ್ಲಿ ಸೇರಿ, ಜಿಸೆಲ್ಲಳ ಪಾತ್ರದಿಂದ ಪ್ರಖ್ಯಾತರಾದವರು. ಅವರ ನಿರ್ದೇಶನದಲ್ಲಿ 2012ರಲ್ಲಿ ಹದಿನೆಂಟು ಮಂದಿಯ ಮಂಡಲಿಯು ಮರಳಿ ರಂಗವೇರಿತು.

ಮಿಚೆಲ್ಲರು 2018ರ ಸೆಪ್ಟೆಂಬರ್ 19ರಂದು ಕಾಲವಾದರು. 2023ರಲ್ಲಿ ನಿರ್ದೇಶಕಪದವಿಯು ಜಾನ್ಸನ್ನರಿಂದ ರಾಬರ್ಟ್ ಗಾರ್ಲೆಂಡರಿಗೆ ಬಂದಿತು. ಇವರು ಅದೇ ಮಂಡಲಿಯ ನರ್ತಕರಾಗಿ, ಅದೇ ಶಾಲೆಯ ಮುಖ್ಯಾಧಿಕಾರಿಗಳಾಗಿ ದುಡಿದವರು. ಇದರ ನಡುವೆ 2015ರಲ್ಲಿ ‘ಅಮೆರಿಕನ್ ಬ್ಯಾಲೆ ಥಿಯೇಟರ್’ ಎಂಬ ಮಹಾಮಂಡಲಿಯಲ್ಲಿ ಮಿಸ್ಟಿ ಕೋಪ್ಲೆಂಡ್ ಪ್ರಧಾನ ನರ್ತಕಿಯಾದರು. ಎಪ್ಪತ್ತೈದು ವರ್ಷಗಳಲ್ಲಿ ಆ ಪದವಿಗೇರಿದ ಮೊದಲ ಕರಿಯ ಸ್ತ್ರೀ ಅವರೇ ಎಂಬುದನ್ನು ನೆನೆದರೆ, ಹಾರ್ಲೆಮಿನ ಶಾಲೆಯ ಕೆಲಸವು ಮುಗಿಯಿತೆನ್ನುವಂತಿಲ್ಲ. ವಾದದಿಂದ ಗೆಲ್ಲಲಾಗದ ಪೂರ್ವಪಕ್ಷವನ್ನು ಆ ಶಾಲೆಯು ಅಭ್ಯಾಸದಿಂದ ಗೆದ್ದಿತು. ಅಧಿಕಾರವೆಂಬುದು ಮೊದಲೇ ಇದ್ದು ವಿದ್ಯೆಯು ಆಮೇಲೆ ಬರುವುದಲ್ಲ; ಕಲಿಸುವವನು ಬಾಗಿಲು ತೆರೆದು, ಕಲಿಯುವವನು ದಿನದಿನವೂ ಬಂದು ನಿಂತರೆ, ಅಧಿಕಾರವು ತಾನಾಗಿಯೇ ಹುಟ್ಟುವುದು.