ಹಳೆಯ ವಾಹನದ ಕ್ರಯ ಮತ್ತು ಕೊಳ್ಳುವವನ ಹೊಣೆ: ಒಂದು ಐತಿಹಾಸಿಕ ವಿವೇಚನೆ

ಬಳಸಿದ ಮೋಟಾರು ಕಾರೊಂದನ್ನು ಕೊಳ್ಳುವಾಗ, ವಾಹನವನ್ನು ಇರುವ ಸ್ಥಿತಿಯಲ್ಲಿಯೇ ನೋಡಿ ಒಪ್ಪಿರುವುದಾಗಿಯೂ ಮುಂದೆ ಯಾವ ತಕರಾರನ್ನೂ ಮಾಡುವುದಿಲ್ಲವೆಂದೂ ಕೊಳ್ಳುವವನು ರುಜು ಹಾಕಿಕೊಡುವುದುಂಟು. ವಾರ ಕಳೆಯುವುದರೊಳಗೆ ಎಂಜಿನ್ ಕೆಟ್ಟು ನಿಂತರೆ ಆ ನಷ್ಟ ಯಾರದು? “ಕೊಳ್ಳುವವನೇ ಎಚ್ಚರವಾಗಿರಲಿ” ಎಂಬ ಲ್ಯಾಟಿನ್ ಸೂತ್ರವನ್ನು ಉದ್ಧರಿಸಿ, ಇದು ಅನಾದಿಕಾಲದಿಂದ ಬಂದ ನ್ಯಾಯವೆಂದು ಹೇಳುವವರು ಹಲವರು. ಆದರೆ ಇತಿಹಾಸ ಈ ಮಾತನ್ನು ಸಮರ್ಥಿಸುವುದಿಲ್ಲ. ಅದು ಏಕೆಂಬುದನ್ನು ಸಂಗ್ರಹವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಸೂತ್ರದ ಭಾಷೆ ರೋಮಿನದಾದರೂ ತತ್ತ್ವ ರೋಮಿನದಲ್ಲ. ರೋಮಿನ ಪೇಟೆಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಈಡೈಲ್ ಎಂಬ ಅಧಿಕಾರಿಗಳ ಶಾಸನದಂತೆ, ಗುಲಾಮರನ್ನೂ ಪಶುಗಳನ್ನೂ ಮಾರುವವನು ಅವುಗಳ ರೋಗ ಮತ್ತು ದೋಷಗಳನ್ನು ಮೊದಲೇ ತಿಳಿಸಬೇಕಾಗಿತ್ತು. ತಿಳಿಸದಿದ್ದರೆ ಕೊಂಡವನು 6 ತಿಂಗಳೊಳಗೆ ಕ್ರಯವನ್ನು ರದ್ದುಪಡಿಸಿಕೊಳ್ಳಲು, ಅಥವಾ ಒಂದು ವರ್ಷದೊಳಗೆ ಬೆಲೆಯನ್ನು ತಗ್ಗಿಸಿಕೊಳ್ಳಲು ದಾವೆ ಹೂಡಬಹುದಾಗಿತ್ತು. ಮೇಲಿನ ಸೂತ್ರವು ಬಳಕೆಗೆ ಬಂದುದು 16ನೆಯ ಶತಮಾನದ ಇಂಗ್ಲೆಂಡಿನಲ್ಲಿ. ಫಿಟ್ಸ್‌ಹರ್ಬರ್ಟನ ಕೃಷಿಗ್ರಂಥದಲ್ಲಿ ಅದು ಕುದುರೆಯ ವ್ಯಾಪಾರದ ಪ್ರಸಂಗದಲ್ಲಿ ಕಾಣಿಸಿಕೊಳ್ಳುತ್ತದೆ. 1603ರ ಪ್ರಸಿದ್ಧ ಮೊಕದ್ದಮೆಯೊಂದರಲ್ಲಿ, ಅಕ್ಕಸಾಲಿಗನೊಬ್ಬನು ಒಂದು ಕಲ್ಲನ್ನು ವಿಷಹರವಾದ ಬೆಜೋರ್ ಶಿಲೆಯೆಂದು ಹೇಳಿ 100 ಪೌಂಡಿಗೆ ಮಾರಿದ್ದನು. ಅದು ಅಂತಹದಲ್ಲವೆಂದು ಕೊಂಡವನು ದೂರಿದಾಗ, ಬರಿಯ ಹೇಳಿಕೆ ಭರವಸೆಯಾಗದೆಂದು ನ್ಯಾಯಾಲಯ ಅವನಿಗೆ ಪರಿಹಾರವನ್ನು ನಿರಾಕರಿಸಿತು.

ಭಾರತೀಯ ಪರಂಪರೆಯಲ್ಲಿ ಈ ವಿಷಯ ಹೆಚ್ಚು ಸೂಕ್ಷ್ಮವಾಗಿ ಚರ್ಚಿತವಾಗಿದೆ. ಕೊಂಡು ಪಶ್ಚಾತ್ತಾಪ ಪಡುವುದನ್ನು ‘ಕ್ರೀತಾನುಶಯ’ವೆಂದು ಕರೆದು, ಸ್ಮೃತಿಕಾರರು ಅದನ್ನು ಪ್ರತ್ಯೇಕ ವ್ಯವಹಾರಪದವಾಗಿಯೇ ಎಣಿಸಿದರು. ಕೊಳ್ಳುವವನು ಪದಾರ್ಥದ ಗುಣದೋಷಗಳನ್ನು ಮೊದಲು ತಾನೇ ಪರೀಕ್ಷಿಸತಕ್ಕದ್ದೆಂದೂ, ಪರೀಕ್ಷಿಸಿ ಮೆಚ್ಚಿ ಕೊಂಡದ್ದನ್ನು ಹಿಂದಿರುಗಿಸಲಾಗದೆಂದೂ ನಾರದನ ಮತ. ಯಾಜ್ಞವಲ್ಕ್ಯನಾದರೋ ಪರೀಕ್ಷೆಗೆ ಕಾಲವನ್ನೇ ಗೊತ್ತುಮಾಡುತ್ತಾನೆ: ಕಬ್ಬಿಣಕ್ಕೆ 1 ದಿನ, ಕರೆಯುವ ಪಶುವಿಗೆ 3, ಹೊರೆ ಹೊರುವ ಪಶುವಿಗೆ 5, ರತ್ನಕ್ಕೆ 7, ಬೀಜಕ್ಕೆ 10 ದಿನ. ದಾಸದಾಸಿಯರನ್ನೂ ಅದೇ ಪಟ್ಟಿಯಲ್ಲಿ ಸೇರಿಸಿರುವುದು ಆ ಕಾಲದ ಸಮಾಜದ ಕಠೋರ ಮುಖವನ್ನು ತೋರಿಸುತ್ತದೆ. ದೋಷ ತಿಳಿಯಲು ಬೇಕಾಗುವಷ್ಟು ಕಾಲವನ್ನು ಕೊಡುವುದೇ ಈ ಅವಧಿಗಳ ಆಶಯ. ಕೌಟಿಲ್ಯನೂ ಚತುಷ್ಪಾದಗಳನ್ನು ಹಿಂದಿರುಗಿಸಲು ಮೂರು ಪಕ್ಷಗಳ ಅವಕಾಶವನ್ನಿತ್ತು, ಅಷ್ಟು ಕಾಲದಲ್ಲಿ ದೋಷವನ್ನು ತಿಳಿಯಬಹುದೆಂದು ಕಾರಣವನ್ನೂ ಹೇಳಿದ್ದಾನೆ.

ಈ ವಚನಗಳನ್ನು ಸಮನ್ವಯಗೊಳಿಸಿದ ಕೀರ್ತಿ ಕನ್ನಡನಾಡಿಗೆ ಸಲ್ಲುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ 6ನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು, ಮನುವು ಹೇಳಿದ 10 ದಿನಗಳ ಅವಧಿಯು ಮನೆ, ಹೊಲ, ಯಾನ, ಶಯನ, ಆಸನ ಮುಂತಾದವುಗಳಿಗೆ ಅನ್ವಯಿಸುವುದೆಂದು ವ್ಯಾಖ್ಯಾನಿಸಿದನು. ‘ಯಾನ’ ಎಂದರೆ ವಾಹನವೆಂಬುದು ಇಲ್ಲಿ ಗಮನಾರ್ಹ. ಈ ಅವಧಿಗಳೆಲ್ಲ ಪರೀಕ್ಷಿಸದೆ ಕೊಂಡ ಪದಾರ್ಥಕ್ಕೆ ಸಂಬಂಧಿಸಿದವು. ಪರೀಕ್ಷಿಸಿ, ಹಿಂದಿರುಗಿಸುವುದಿಲ್ಲವೆಂದು ‘ಸಮಯ’ ಅಂದರೆ ಕರಾರು ಮಾಡಿಕೊಂಡು ಪಡೆದುದನ್ನು ಹಿಂದಿರುಗಿಸಲಾಗದು. ಇಂದಿನ “ಇದ್ದಂತೆಯೇ” ಎಂಬ ಕರಾರು ಇದೇ ಅಲ್ಲವೆ? ಆದರೆ ವಿಜ್ಞಾನೇಶ್ವರನಲ್ಲಿ ಪರೀಕ್ಷೆ ಮತ್ತು ಸಮಯಗಳೆರಡೂ ಕೂಡಿ ಬಂದಿವೆ. ಇಂದಿನ ವ್ಯವಹಾರದಲ್ಲಿ ಕರಾರು ಉಳಿದು, ಪರೀಕ್ಷೆ ಬಹುಮಟ್ಟಿಗೆ ಕಾಗದದ ಮೇಲಿನ ಮಾತಾಗಿದೆ.

ಈ ವ್ಯತ್ಯಾಸದ ಫಲವನ್ನು ಇಂಗ್ಲೆಂಡಿನ ಎರಡು ತೀರ್ಪುಗಳಲ್ಲಿ ಕಾಣಬಹುದು. 1956ರ ಕಾರ್ಸೇಲ್ಸ್ ಮೊಕದ್ದಮೆಯಲ್ಲಿ ಗಿರಾಕಿಯು ಸುಸ್ಥಿತಿಯಲ್ಲಿದ್ದ ಬ್ಯೂಯಿಕ್ ಕಾರನ್ನು ನೋಡಿ ಕಂತಿನ ಕರಾರಿಗೆ ಒಪ್ಪಿದ್ದನು. ಒಂದು ರಾತ್ರಿ ಅದೇ ಕಾರನ್ನು ಎಳೆದು ತಂದು ಬಿಟ್ಟುಹೋದರು. ಹೊಸ ಟೈರುಗಳ ಸ್ಥಳದಲ್ಲಿ ಹಳೆಯವು, ರೇಡಿಯೋ ಮಾಯ, ಎಂಜಿನ್ನಿನ ಪಿಸ್ಟನ್ನುಗಳು ಮುರಿದಿದ್ದವು. ವಾಹನದ ಸ್ಥಿತಿಗೆ ಹೊಣೆಯಿಲ್ಲವೆಂಬ ಕರಾರು ಇಲ್ಲಿ ರಕ್ಷಣೆಯಾಗದೆಂದು ಮೇಲ್ಮನವಿಯ ನ್ಯಾಯಾಲಯ ತೀರ್ಪಿತ್ತಿತು. ಅದು ಅವಲಂಬಿಸಿದ ಸಿದ್ಧಾಂತವನ್ನು ಲಾರ್ಡ್ಸ್ ಸಭೆ 1980ರಲ್ಲಿ ಕೈಬಿಟ್ಟಿತಾದರೂ, ಅಷ್ಟರಲ್ಲಿ 1977ರ ಶಾಸನವೊಂದು ಇಂತಹ ಕರಾರುಗಳಿಗೆ ಮಿತಿ ಹಾಕಿತ್ತು. ನಿರ್ದೋಷವಾದುದನ್ನು ತೋರಿಸಿ ದೋಷಯುಕ್ತವಾದುದನ್ನು ಕೊಡುವವನು ಬೆಲೆಯ ಇಮ್ಮಡಿಯನ್ನೂ ಅಷ್ಟೇ ದಂಡವನ್ನೂ ತೆರಬೇಕೆಂದ ನಾರದನ ವಿಧಿ ಇಲ್ಲಿ ಸ್ಮರಣೀಯ. 1965ರ ಪ್ರಕರಣ ಇದಕ್ಕೆ ವಿರುದ್ಧ. ಕ್ಲಚ್ಚಿನಲ್ಲಿ ದೋಷವಿದೆಯೆಂದು ವ್ಯಾಪಾರಿ ಮೊದಲೇ ತಿಳಿಸಿದ್ದನು. ಕೊಂಡವನು 25 ಪೌಂಡು ಕಡಿಮೆ ಕೊಟ್ಟು, ದುರಸ್ತಿಯ ಹೊಣೆಯನ್ನು ತಾನೇ ಹೊತ್ತನು. ವೆಚ್ಚ 84 ಪೌಂಡಿಗೆ ಏರಿದರೂ ಅವನಿಗೆ ಪರಿಹಾರ ದೊರೆಯಲಿಲ್ಲ. ತಿಳಿದು ಒಪ್ಪಿದ ನಷ್ಟ ಒಪ್ಪಿದವನದೇ ಎಂಬುದು ನ್ಯಾಯವೇ ಸರಿ.

ನಮ್ಮ ದೇಶದ ಶಾಸನಗಳು ಈ ಎರಡು ತುದಿಗಳ ನಡುವೆ ನಿಂತಿವೆ. 1872ರ ಕರಾರು ಅಧಿನಿಯಮವು ಕುದುರೆಯ ದೃಷ್ಟಾಂತವನ್ನೇ ಕೊಡುತ್ತದೆ: ದೋಷವನ್ನರಿತೂ ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ, ಆದರೆ “ನೀನು ಅಲ್ಲಗಳೆಯದಿದ್ದರೆ ಕುದುರೆ ನಿರ್ದೋಷವೆಂದು ಭಾವಿಸುತ್ತೇನೆ” ಎಂದು ಕೊಳ್ಳುವವನು ಹೇಳಿದ ಮೇಲೆ ಮೌನವೂ ಮಾತಿಗೆ ಸಮಾನ. ಅಂದರೆ ಪ್ರಶ್ನೆ ಕೇಳುವುದೇ ಕೊಳ್ಳುವವನ ಮೊದಲ ಆಯುಧ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣವು ಗುಣಮಟ್ಟದ ಭರವಸೆಯನ್ನು ಕೆಲವು ಸಂದರ್ಭಗಳಲ್ಲಿ ಮಾತ್ರ ಊಹಿಸುತ್ತದೆ. 62ನೆಯ ಪ್ರಕರಣವು ಅದನ್ನೂ ಕರಾರಿನಿಂದ ತೊಡೆದುಹಾಕಲು ಎಡೆಗೊಡುತ್ತದೆ. ಇನ್ನು ಪರೀಕ್ಷೆ ಯಂತ್ರಕ್ಕೆ ಮಾತ್ರ ಸೀಮಿತವಲ್ಲ. ನೋಂದಣಿ ಪತ್ರ, ಸಾಲದ ಭಾರ, ವಿಮೆ, ತೆರಿಗೆಗಳೂ ಅದರ ಅಂಗಗಳೇ. ವಾಹನ ಕೈಬದಲಾಗಿದ್ದರೂ ನೋಂದಣಿ ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದುದರಿಂದ ಈ ಎಚ್ಚರ ಮಾರುವವನಿಗೂ ಅಗತ್ಯ.

ಒಟ್ಟಿನಲ್ಲಿ, ಕೊಳ್ಳುವವನ ಹೊಣೆಯನ್ನು ಯಾವ ಯುಗವೂ ಅಲ್ಲಗಳೆದಿಲ್ಲ. ಆದರೆ ಪರೀಕ್ಷೆಗೆ ಅವಕಾಶವೀಯದೆ ಹೊಣೆಯನ್ನು ಮಾತ್ರ ಹೊರಿಸುವುದು ಪ್ರಾಚೀನರಿಗೆ ಸಮ್ಮತವಾಗಿರಲಿಲ್ಲ. ಮೆಕ್ಯಾನಿಕ್ಕನೊಬ್ಬನನ್ನು ಕರೆತಂದು ತೋರಿಸುವುದಕ್ಕೂ, ಹತ್ತಾರು ಮೈಲಿ ಓಡಿಸಿ ನೋಡುವುದಕ್ಕೂ ಒಪ್ಪದ ಮಾರಾಟಗಾರನು ಮುಂದಿಡುವ ಕರಾರು ಕಲ್ಯಾಣದ ಪಂಡಿತನ ದೃಷ್ಟಿಯಲ್ಲಿ ಅರ್ಧ ಕರಾರು ಮಾತ್ರ. ರುಜು ಹಾಕುವ ಮೊದಲು ಉಳಿದ ಅರ್ಧವನ್ನು ಕೇಳಿ ಪಡೆಯುವುದೇ ಕೊಳ್ಳುವವನ ನಿಜವಾದ ಹೊಣೆಯೆನ್ನಬಹುದು.